ಭಾನುವಾರದ ರೋಬಾಟ್ ಕ್ಲಾಸು

ಮೈಸೂರು
22 ಜೂನ್ 2003

ಅಕ್ಷತಾ,

ಎರಡು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಈ ಕಾಗದವನ್ನು ಒಡೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ವಿಳಾಸವನ್ನು ರಾಮಕೃಷ್ಣನಗರದ ನಿಮ್ಮ ಮನೆಗೆ ಹೋಗಿ ನಿನ್ನ ತಾಯಿಯವರಿಂದ ಪಡೆದೆ. ಕಾಫಿ ಕೊಟ್ಟರು, ನಾನು ತೆಳ್ಳಗಾಗಿದ್ದೇನೆ ಎಂದರು, ಬೇರೇನೂ ಕೇಳಲಿಲ್ಲ. ಇಬ್ಬರಿಗೂ ಒಟ್ಟಿಗೆ ಸಿಕ್ಕಿದ ಪುಣೆಯ ಕೆಲಸಕ್ಕೆ ನೀನೊಬ್ಬಳೇ ಹೋಗಬೇಕಾಯಿತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಇದು ಬೇರೆ ವಿಷಯ.

ನಾನೀಗ ನಾವು ಓದಿದ ಪಾಲಿಟೆಕ್ನಿಕ್ಕಿನಲ್ಲೇ ಲ್ಯಾಬ್ ಸಹಾಯಕಿ. ಮನೆ ಅದೇ, ವಿದ್ಯಾರಣ್ಯಪುರಂ ದಾಟಿದ ಮೇಲೆ ಸಿಗುವ ಕಾಲೊನಿಯಲ್ಲಿ. ನೀನು ನೋಡಿಲ್ಲ, ನಿನ್ನ ತಂದೆಯವರಿಗೆ ಚೆನ್ನಾಗಿ ಗೊತ್ತು. ದೇವರಾಜ ಮೊಹಲ್ಲಾದ ನಿಮ್ಮ ಅಂಗಡಿಯಿಂದ ಬಿದಿರು ಕಡ್ಡಿ, ಇದ್ದಿಲ ಪುಡಿ ತಂದು, ಊದುಬತ್ತಿ ಹೊಸೆದು ಕೊಡುವ ಹೆಂಗಸರಲ್ಲಿ ಹೆಚ್ಚಿನವರು ನಮ್ಮ ಬೀದಿಯವರೇ. ಅವ್ವನೂ ಇನ್ನೂ ಹೊಸೆಯುತ್ತಾಳೆ.

ಏಪ್ರಿಲ್ಲಿನಲ್ಲಿ ಪಕ್ಕದ ಮನೆಯ ಮಂಜುಳಮ್ಮನ ಟೇಪ್ ರೆಕಾರ್ಡರು ಕೆಟ್ಟಿತ್ತು. ಜಗಲಿಯ ಮೇಲೆ ಬಿಚ್ಚಿಕೊಂಡು ಕೂತಿದ್ದೆ. ಅವಳ ಮಗಳು ಲಾಸ್ಯ, ಏಳನೆಯ ಕ್ಲಾಸಿನವಳು, ಒಳಗಿದ್ದ ಪುಟ್ಟ ಮೋಟಾರನ್ನು ಕೈಯಲ್ಲಿ ಹಿಡಿದುಕೊಂಡಳು.

"ಟೇಪು ಸುತ್ತೋದು ಅಂತ ಇದಕ್ಕೆ ಯಾರು ಹೇಳ್ಕೊಟ್ರು ಅಕ್ಕ?"

"ಯಾರೂ ಹೇಳ್ಕೊಟ್ಟಿಲ್ಲ ಕಣೇ. ಕರೆಂಟು ಕೊಟ್ರೆ ಸುತ್ತುತ್ತೆ ಅಷ್ಟೆ."

"ಅಂಗಾದ್ರೆ ಬ್ಯಾರೆ ಏನು ಕಟ್ಟಿದ್ರೂ ಸುತ್ತುತ್ತಾ?"

ಮಾರನೆಯ ದಿನ ಔಷಧಿ ಬಾಟಲಿಯ ಮುಚ್ಚಳಗಳನ್ನು ಚಕ್ರ ಮಾಡಿಕೊಂಡು, ಮೇಲೊಂದು ಸೋಪಿನ ಡಬ್ಬಿ ಕೂರಿಸಿ, ಗಾಡಿ ಮಾಡಿಕೊಂಡು ಬಂದಳು. ಗಾಡಿ ಹೋಗಿ ಗೋಡೆಗೆ ಮೂತಿ ಒತ್ತಿ ನಿಂತಿತು, ಚಕ್ರ ಮಾತ್ರ ತಿರುಗುತ್ತಲೇ ಇತ್ತು. "ಮುಂದೆ ಗೋಡೆ ಐತೆ ಅಂತ ಇದಕ್ಕೆ ಎಂಗೆ ಗೊತ್ತಾಗ್ಬೇಕು?" ಎಂದು ಕೇಳಿದಳು. ಉತ್ತರ ಜಗಲಿಯ ಮೇಲೆ ಹೇಳಿ ಮುಗಿಸುವಂಥದ್ದಲ್ಲ. ಕಾಲೊನಿ ಸಂಘದ ಶಾಮಣ್ಣನವರನ್ನು ಕೇಳಿ ಸಮುದಾಯ ಭವನದ ಬೀಗದ ಕೈ ತೆಗೆದುಕೊಂಡೆ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳು ಸೇರುತ್ತಾರೆ. ಅವರೇ ಅದಕ್ಕೆ ರೋಬಾಟ್ ಕ್ಲಾಸು ಎಂದು ಹೆಸರಿಟ್ಟಿದ್ದಾರೆ.

ಭಾನುವಾರ ಮಕ್ಕಳೂ ಅಮ್ಮಂದಿರ ಜೊತೆ ಬತ್ತಿ ಹೊಸೆಯುವ ದಿನ. ಅವರು ನನ್ನ ಬಳಿ ಕೂತಷ್ಟು ಹೊತ್ತು ಮನೆಯಲ್ಲಿ ಬತ್ತಿ ಕಡಿಮೆಯಾಗುತ್ತದೆ. ಆದರೂ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸೋಪಿನ ಡಬ್ಬಿ ಓಡಿಸುವುದರಲ್ಲೇ ಅವರ ಭಾನುವಾರ ಕಳೆಯಲು ನನಗೆ ಮನಸ್ಸಿಲ್ಲ. ಕೊನೆಯ ವರ್ಷ ನಾವಿಬ್ಬರೂ ಮಾಡಿದ್ದ, ಗೆರೆ ಹಿಡಿದು ಹೋಗುವ ಬಂಡಿಯ ಸರ್ಕ್ಯೂಟಿನ ಚಿತ್ರ ನಿನ್ನ ಬಳಿ ಇದೆ. ಒಂದೇ ವೇಗದ ಮೋಟಾರುಗಳೂ, ಬೆಳಕು ಗುರುತಿಸುವ ಎಲ್‌ಡಿಆರ್‌ಗಳೂ ಅಲ್ಲಿ ಸುಲಭವಾಗಿ ಸಿಗಬಹುದು.

ಎಸ್‌ಟಿಡಿ ಬೂತಿನಲ್ಲಿ ಹಿಂದೆ ಜನ ನಿಂತಿರುವಾಗ ಇಷ್ಟೆಲ್ಲ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಉತ್ತರ ಬರೆಯಲು ಇಷ್ಟವಿಲ್ಲದಿದ್ದರೆ ಚಿತ್ರವನ್ನಷ್ಟೇ ಕಳಿಸು.

ಕುಸುಮ


ಪುಣೆ
11 ಜುಲೈ 2003

ಕುಸುಮ,

ಚಿತ್ರ, ಎರಡು ಜೊತೆ ಮೋಟಾರು, ಒಂದು ಪೊಟ್ಟಣ ಎಲ್‌ಡಿಆರ್ ಪಾರ್ಸೆಲಿನಲ್ಲಿವೆ. ಹಳೆಯ ಚಿತ್ರದಲ್ಲಿ ಎಡಬದಿಯ ಟ್ರಾನ್ಸಿಸ್ಟರು ತಿರುಗಾಮುರುಗಾ ಆಗಿತ್ತು, ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಅಂದು ಅದನ್ನು ಹಾಗೇ ಜೋಡಿಸಿ ಸುಟ್ಟದ್ದು ನೀನು.

ಗೋಡೆಯ ಪ್ರಶ್ನೆ ಕೇಳಿದ ಹುಡುಗಿಗೆ ಮೊದಲು ಗೋಡೆ ಬೇಡ, ಗೆರೆ ಕಲಿಸು. ಗೋಡೆ ಅದಕ್ಕಿಂತ ಕಷ್ಟ.

ನಾನು ಇಲ್ಲಿ ಕಾರಿನ ಬಾಗಿಲು ಬೆಸೆಯುವ ರೋಬಾಟುಗಳ ವಿಭಾಗದಲ್ಲಿದ್ದೇನೆ. ಕೆಲಸ ಚೆನ್ನಾಗಿದೆ.

ನಿನ್ನ ಅವ್ವ ಹೇಗಿದ್ದಾರೆ?

ಅಕ್ಷತಾ


ಮೈಸೂರು
14 ಸೆಪ್ಟೆಂಬರ್ 2003

ಪ್ರಿಯ ಅಕ್ಷತಾ,

ಟ್ರಾನ್ಸಿಸ್ಟರು ಸುಟ್ಟದ್ದು ನಾನೇ, ಒಪ್ಪಿದೆ. ಆದರೆ ಆ ಹೊಗೆ ನೋಡಿ ಕಿರುಚಿ ಮೇಷ್ಟ್ರನ್ನು ಕರೆದವಳು ನೀನು.

ಗೌರಿ ಹಬ್ಬದ ಹಿಂದಿನ ದಿನ ಬಂಡಿ ಓಡಿತು. ಭವನದ ಸಿಮೆಂಟ್ ನೆಲದ ಮೇಲೆ ಕಪ್ಪು ಟೇಪಿನಲ್ಲಿ ದೊಡ್ಡ ಸುತ್ತು ಹಾಕಿದ್ದೆವು. ಅರ್ಧ ದಾರಿ ಹೋಗಿ, ತಿರುವಿನಲ್ಲಿ ಸ್ವಲ್ಪ ಯೋಚನೆ ಮಾಡಿದ ಹಾಗೆ ಅಲುಗಾಡಿ, ಆಮೇಲೆ ತಿರುಗಿಕೊಂಡಿತು. ಒಂದು ಸುತ್ತು ಮುಗಿದ ಮೇಲೆ ಸಂಜಯ್ ಎನ್ನುವ ಹುಡುಗ ಮುಖ ಗಂಟಿಕ್ಕಿಕೊಂಡು, "ಕೈಯಿಲ್ಲ ಕಾಲಿಲ್ಲ, ಇದೆಂಥ ರೋಬಾಟು?" ಎಂದ.

"ಗೆರೆ ನೋಡ್ಕೊಂಡು ತಾನೇ ಹೋಗುತ್ತಲ್ಲ," ಎಂದಳು ಲಾಸ್ಯ. "ನಿಂಗೆ ಎರಡು ಕಾಲಿದ್ರೂ ಅಂಗಡಿಗೆ ಹೋಗು ಅಂದ್ರೆ ಹೋಗಲ್ಲ."

ಬಂಡಿಗೆ ಗೌರಿ ಎಂದೇ ಹೆಸರಾಯಿತು. ಹಬ್ಬದ ಬಾಗಿನ ಕೊಡಲು ಬಂದ ಹೆಂಗಸರೆಲ್ಲ ಭವನಕ್ಕೆ ಬಂದು ನೋಡಿ ಹೋದರು. ಶಾಮಣ್ಣನವರು ಬಾಗಿಲಿನಿಂದ ಒಳಗೆ ಕಾಲಿಡಲಿಲ್ಲ. "ನಿಂತ್ಕೊ ಅಂದ್ರೆ ನಿಂತ್ಕೊಳುತ್ತೇನಮ್ಮ ಅದು?" ಎಂದು ಅಲ್ಲಿಂದಲೇ ಕೇಳಿದರು.

ಈಗ ಮಕ್ಕಳ ತಲೆಯಲ್ಲಿ ಹೊಸದೊಂದು ಹೊಕ್ಕಿದೆ. ಹೋದ ವಾರ ಮುಂದೇನು ಮಾಡೋಣ ಎಂದು ಕೇಳಿದೆ. ಒಬ್ಬ ಹೆಲಿಕಾಪ್ಟರ್ ಎಂದ, ಒಬ್ಬಳು ರೊಟ್ಟಿ ತಟ್ಟುವ ಕೈ ಎಂದಳು. ಲಾಸ್ಯ ಮಾತ್ರ, "ಬತ್ತಿ ಹೊಸೆಯೋದು ಮಾಡಣ ಅಕ್ಕ. ನಮ್ಮವ್ವ ರಾತ್ರಿಯೆಲ್ಲ ಬೆನ್ನು ಬೆನ್ನು ಅಂತಾಳೆ," ಎಂದಳು. ಆಮೇಲೆ ಬೇರೆ ಯಾವುದೂ ಯಾರಿಗೂ ರುಚಿಸಲಿಲ್ಲ. ಎಲ್ಲರ ಮನೆಯಲ್ಲೂ ಅದೇ ಮಣೆ, ಅದೇ ಹಿಟ್ಟು, ಅದೇ ಬೆನ್ನು.

ಅವ್ವ ಹೇಗಿದ್ದಾರೆ ಎಂದು ಕೇಳಿದ್ದೀಯ. ಬೆಳಿಗ್ಗೆ ಎದ್ದಾಗ ಬಲಗೈ ಮಡಚಲು ಬರುವುದಿಲ್ಲ. ಬಿಸಿನೀರಿನಲ್ಲಿ ಅದ್ದಿಕೊಂಡು ಸ್ವಲ್ಪ ಹೊತ್ತು ಕೂತ ಮೇಲೆ ಹಿಡಿತಕ್ಕೆ ಬರುತ್ತದೆ. ಎರಡು ವರ್ಷದಿಂದ ಹೀಗೇ.

ಕಲಸಿದ ಇದ್ದಿಲ ಹಿಟ್ಟು ಮೆತ್ತಿದ ಕಡ್ಡಿಯನ್ನು ಮುರಿಯದೆ, ಹಿಟ್ಟು ಕೀಳದೆ ಉರುಳಿಸುವುದು ಹೇಗೆ? ನಿನಗೆ ಏನಾದರೂ ಹೊಳೆದರೆ ಬರೆ.

ನಿನ್ನ
ಕುಸುಮ


ಪುಣೆ
6 ಅಕ್ಟೋಬರ್ 2003

ಪ್ರಿಯ ಕುಸುಮ,

ಎರಡು ವರ್ಷದಿಂದ ಎಂದು ಬರೆದಿದ್ದೀಯ. ಆ ಸಾಲನ್ನು ಹಲವು ಸಲ ಓದಿದೆ. ನೀನು ಪುಣೆಗೆ ಬರದೆ ಉಳಿದದ್ದು ಇದಕ್ಕೇ ಎಂದು ಆಗಲೇ ಯಾಕೆ ಹೇಳಲಿಲ್ಲ ಎಂದು ಈಗ ಕೇಳುವುದಿಲ್ಲ.

ಮೊನ್ನೆ ಆಯುಧಪೂಜೆಗೆ ಇಲ್ಲಿ ರೋಬಾಟುಗಳಿಗೆಲ್ಲ ಚೆಂಡುಹೂವಿನ ಹಾರ ಹಾಕಿದೆವು. ಪೂಜೆ ಆಗುವಷ್ಟು ಹೊತ್ತು ನಿಲ್ಲಿಸಿ, ಕುಂಕುಮ ಒಣಗುವ ಮೊದಲೇ ಮತ್ತೆ ಚಾಲೂ ಮಾಡಿದರು. ಹಾರ ಹರಿದು ಕಾರಿನ ಒಳಗೆಲ್ಲ ಹೂವು. ಈ ಸಾಲಿನಲ್ಲಿ ಮೊದಲು ಕೈಯಿಂದ ಬೆಸುಗೆ ಹಾಕುತ್ತಿದ್ದವರಲ್ಲಿ ಒಬ್ಬರು ಉಳಿದಿದ್ದಾರೆ. ಈಗ ಅವರು ರೋಬಾಟು ತಪ್ಪು ಮಾಡಿದೆಯೇ ಎಂದು ನೋಡುತ್ತಾರೆ. ಉಳಿದವರು ಎಲ್ಲಿಗೆ ಹೋದರು ಎಂದು ಕೇಳಿದೆ. ಅವರು ಎರಡು ಊರಿನ ಹೆಸರು ಹೇಳಿದರು.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಾಲ್ಕು ದಿನದಿಂದ ಊಟದ ಡಬ್ಬಿಯ ಪಕ್ಕದಲ್ಲಿ ಇದೇ ಗೀಚುತ್ತಿದ್ದೇನೆ. ಕೆಳಗೆ ಒಂದು ಹಲಗೆ, ಅದರ ಮೇಲೆ ಮೋಟಾರಿನಿಂದ ಓಡುವ ರೆಕ್ಸಿನ್ ಪಟ್ಟಿ. ಕಡ್ಡಿ ಎರಡರ ನಡುವೆ ಸಿಕ್ಕಿ ಉರುಳುತ್ತಾ ಹೋಗುತ್ತದೆ. ಒಳಗೆ ಹೋಗುವ ಕಡೆ ಸಂದು ಅಗಲವಿರಲಿ, ಹೊರಗೆ ಬರುವ ಕಡೆ ಕಿರಿದಾಗಲಿ. ಅಂಗೈ ಮಾಡುವುದೂ ಅದನ್ನೇ ತಾನೇ. ಗುಜರಿಯಲ್ಲಿ ಕಾರಿನ ವೈಪರ್ ಮೋಟಾರು ಸಿಗುತ್ತದೆ, ನಿಧಾನ, ಆದರೆ ಬಲ ಇರುತ್ತದೆ. ಕಡ್ಡಿ ಬಂದದ್ದನ್ನು ಗುರುತಿಸಿ ಮೋಟಾರು ಚಾಲೂ ಆಗಲು ಗೌರಿಯ ಕಣ್ಣನ್ನೇ ಇಲ್ಲಿ ಕೂರಿಸಬಹುದು. ಚಿತ್ರ ಜೊತೆಗಿದೆ.

ಇಲ್ಲಿ ನಾನು ಬೇರೆಯವರು ಮಾಡಿದ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಈ ಗೀಚಿದ ಕಾಗದ ಮಾತ್ರ ನನ್ನದು ಅನ್ನಿಸುತ್ತಿದೆ.

ನಿನ್ನ
ಅಕ್ಷತಾ


ಮೈಸೂರು
14 ಡಿಸೆಂಬರ್ 2003

ಅಕ್ಷತಾ,

ಯಂತ್ರ ಓಡಿತು. ಮೊದಲು ಅದನ್ನು ಹೇಳಿಬಿಡುತ್ತೇನೆ. ಕಡ್ಡಿ ಮುರಿಯುತ್ತಿತ್ತು, ಹಿಟ್ಟು ಪಟ್ಟಿಗೆ ಅಂಟುತ್ತಿತ್ತು, ಸಂಜಯ್ ಪಟ್ಟಿಗೆ ಇದ್ದಿಲ ಪುಡಿ ಉದುರಿಸಿದ ಮೇಲೆ ಅಂಟುವುದು ನಿಂತಿತು. ನವೆಂಬರ್ ಕೊನೆಯ ಹೊತ್ತಿಗೆ ಐದು ಕಡ್ಡಿ ಕೊಟ್ಟರೆ ಮೂರು ಬತ್ತಿ ನೆಟ್ಟಗೆ ಬರುತ್ತಿದ್ದವು.

ಎಲ್ಲರಿಗೂ ತೋರಿಸುವ ಆಸೆ ಮಕ್ಕಳಿಗೆ. ತಿಂಗಳ ಕೊನೆಯ ಭಾನುವಾರ ಭವನದಲ್ಲಿ ಪ್ರದರ್ಶನ ಇಟ್ಟೆವು. ದೊಡ್ಡವರು ಯಾರಾದರೂ ಬಂದು ನಾಲ್ಕು ಮಾತಾಡಲಿ ಎಂದು ಶಾಮಣ್ಣನವರು ನಿನ್ನ ತಂದೆಯವರನ್ನು ಕರೆದಿದ್ದರು. ನಾನೂ ಬೇಡ ಎನ್ನಲಿಲ್ಲ. ಅವರು ಬಂದರು, ಗೌರಿಯನ್ನು ನೋಡಿ ನಕ್ಕರು. ಬತ್ತಿಯ ಯಂತ್ರದ ಮುಂದೆ ನಗಲಿಲ್ಲ. ಲಾಸ್ಯ ಒಂದಾದ ಮೇಲೊಂದು ಕಡ್ಡಿ ಹಾಕುತ್ತಿದ್ದಳು. ಅವರು ಹೊರಬಂದ ಬತ್ತಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಗಂಟೆಗೆ ಎಷ್ಟು ಬರುತ್ತಮ್ಮ?" ಎಂದು ಕೇಳಿದರು. ಅವಳು ಹುರುಪಿನಲ್ಲಿ ಲೆಕ್ಕ ಹಾಕಿ ಹೇಳಿದಳು. ಹಿಂದೆ ನಿಂತಿದ್ದ ಹೆಂಗಸರೆಲ್ಲ ಆ ಲೆಕ್ಕ ಕೇಳಿಸಿಕೊಂಡರು.

ಮುಂದಿನ ಭಾನುವಾರ ಕ್ಲಾಸಿಗೆ ಇಬ್ಬರೇ ಬಂದರು. ಇವತ್ತು ಯಾರೂ ಇಲ್ಲ.

ಮಂಜುಳಮ್ಮನ ಮನೆಗೆ ಹೋದೆ. ಅವಳು ಮಣೆಯಿಂದ ಏಳಲಿಲ್ಲ, ಕೈ ನಿಲ್ಲಿಸಲೂ ಇಲ್ಲ.

"ಲಾಸ್ಯ ಬರಲ್ವಾ ಮಂಜುಳಮ್ಮ?"

"ಕೂತ್ಕೊ ಕುಸುಮ. ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ. ಓದಿದೋಳು, ನಮ್ ಮಕ್ಕಳಿಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದೀಯ. ಆದ್ರೆ ನಮ್ ಅನ್ನ ನಾವು ಹೆತ್ತ ಮಕ್ಕಳ ಕೈಲೇ ಕಿತ್ಕೊಳೋ ಅಂಗೆ ಆಯ್ತಲ್ಲ."

"ಅದು ಮಕ್ಕಳ ಆಟದ ಮಿಶಿನ್ನು."

"ಸಾವ್ಕಾರ್ರು ಆಟ ನೋಡೋಕೆ ಬಂದಿದ್ರಾ?" ಎಂದಳು. ಇನ್ನೊಂದು ಕಡ್ಡಿ ಎತ್ತಿಕೊಂಡು, "ಆ ಚಿತ್ರ ಬರೆದು ಕಳ್ಸಿದ್ದು ಅವರ ಮಗಳು ತಾನೆ?" ಎಂದು ಕೇಳಿದಳು.

ಲಾಸ್ಯ ಒಳಗೆ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ತಿಳಿಯಿತು, ಹಿಂದಿನ ದಿನ ಅವಳೇ ಭವನಕ್ಕೆ ಹೋಗಿ ಯಂತ್ರದ ಪಟ್ಟಿ, ರೋಲರು ಬಿಚ್ಚಿ ತಂದು ಅವ್ವನ ಮುಂದೆ ಇಟ್ಟು, ಹೊಸೆಯಲು ಕೂತಳಂತೆ.

ನಮ್ಮ ಮನೆಯಲ್ಲಿ ಅವ್ವ ಎಂದಿನಂತೆ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಹೊಸೆಯಲು ಕೂರುತ್ತಾಳೆ. ಅದು ಬೈಗುಳಕ್ಕಿಂತ ಕಷ್ಟ.

ಮಂಜುಳಮ್ಮ ಕೇಳಿದ್ದನ್ನು ನಾನೂ ಕೇಳಬೇಕಾಗಿದೆ. ಆ ಚಿತ್ರ ನಿನ್ನ ತಂದೆಯವರ ಕೈಗೂ ಹೋಗಿತ್ತೇ?

ಕುಸುಮ


ಪುಣೆ
21 ಡಿಸೆಂಬರ್ 2003

ಪೂಜ್ಯ ಅಪ್ಪಾಜಿಯವರಿಗೆ ಅಕ್ಷತಾ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಮಾತಾಡಿದರೆ ನೀವು "ಊಟ ಆಯ್ತಾ" ಎಂದು ಕೇಳಿ ಅಮ್ಮನಿಗೆ ಕೊಟ್ಟುಬಿಡುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ.

ಕಾಲೊನಿಯ ಮಕ್ಕಳು ಮಾಡಿದ ಯಂತ್ರ ನೋಡಿದಿರಂತೆ. ಅದರ ಚಿತ್ರ ಬರೆದವಳು ನಾನು. ಅದನ್ನು ನೋಡಿ ನೀವು ಅಂಗಡಿಗೆ ಮಿಶಿನ್ ಹಾಕಲು ಹೊರಟಿದ್ದೀರಾ? ಆ ಹೆಂಗಸರು ಹಾಗೆ ತಿಳಿದಿದ್ದಾರೆ. ಮಕ್ಕಳನ್ನು ಕ್ಲಾಸಿಗೆ ಕಳಿಸುವುದು ನಿಲ್ಲಿಸಿದ್ದಾರೆ. ನನ್ನ ಗೆಳತಿಯೂ ನನ್ನನ್ನು ಅನುಮಾನದಿಂದ ಕೇಳಿದ್ದಾಳೆ. ಅವಳ ಮೇಲೆ ನನಗೆ ಕೋಪ ಬಂತು, ಆದರೆ ಅವಳ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ.

ನೀವು ಏನು ಮಾಡುತ್ತೀರಿ ಎನ್ನುವುದನ್ನು ನಾನು ತೀರ್ಮಾನಿಸಲಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸಾಕು.

ನಿಮ್ಮ ಮಗಳು
ಅಕ್ಷತಾ


ಮೈಸೂರು
3 ಜನವರಿ 2004

ಚಿ. ಅಕ್ಷತಾಳಿಗೆ ಸದಾಶಿವಯ್ಯ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕೇಳಿದ್ದಕ್ಕೆ ನೇರವಾಗಿ ಬರೆಯುತ್ತೇನೆ. ಮಿಶಿನ್‌ಗಳಿಗೆ ನಾನು ಮುಂಗಡ ಕೊಟ್ಟದ್ದು ದಸರೆಗೂ ಮೊದಲು. ಯುಗಾದಿ ಕಳೆದ ಮೇಲೆ ಬರುತ್ತವೆ. ಅಹಮದಾಬಾದಿನ ಕಡೆಯಿಂದ ಮಿಶಿನ್ನಿನಲ್ಲಿ ಮಾಡಿದ ಬತ್ತಿ ಲಾರಿಯಲ್ಲಿ ಬಂದು ನಮ್ಮ ಪಕ್ಕದ ಅಂಗಡಿಯಲ್ಲೇ ಇಳಿಯುತ್ತಿದೆ. ನಾನು ಹಾಕದಿದ್ದರೆ ಇನ್ನು ಕೆಲವು ವರ್ಷಕ್ಕೆ ಅಂಗಡಿಯೂ ಇರುವುದಿಲ್ಲ, ಆ ಹೆಂಗಸರಿಗೆ ಕೊಡಲು ಕಡ್ಡಿಯೂ ಇರುವುದಿಲ್ಲ. ಸುಗಂಧದ ಪುಡಿ ಬೆರೆಸುವ ಮಸಾಲೆ ಬತ್ತಿಗೆ ಮಾತ್ರ ಕೈಯೇ ಆಗಬೇಕು. ಆ ಕೆಲಸ ಮುಂದುವರಿಯುತ್ತದೆ. ಈಗಿನ ಅರ್ಧದಷ್ಟು ಇರಬಹುದು.

ಚಲುವಮ್ಮ ಮೊದಲಾದವರು ನಿನ್ನ ಅಜ್ಜನವರ ಕಾಲದಿಂದ ನಮ್ಮಲ್ಲಿಗೆ ಬರುವವರು. ಅವರಿಗೆ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಇಷ್ಟು ದಿನ ತಳ್ಳಿದೆ. ಆ ದಿನ ಮಕ್ಕಳ ಮುಂದೆಯೂ ಬಾಯಿ ಕಟ್ಟಿತು. ಆ ಹುಡುಗಿಯ ಬೆನ್ನು ತಟ್ಟಿ ಬರಬೇಕಿತ್ತು.

ಮಿಶಿನ್ ನಡೆಸಲು ಗಂಡಾಳುಗಳನ್ನು ಕಳಿಸುವುದಾಗಿ ಮಿಶಿನ್ ಮಾರುವವರೇ ಹೇಳಿದ್ದಾರೆ.

ಚಳಿ ಹೆಚ್ಚು ಎಂದು ಕೇಳಿದೆ, ಕಿವಿಗೆ ಬಟ್ಟೆ ಕಟ್ಟಿಕೊಂಡು ಓಡಾಡು.

ಸದಾಶಿವಯ್ಯ


ಪುಣೆ
11 ಜನವರಿ 2004

ಕುಸುಮ,

ನಿನ್ನ ಪ್ರಶ್ನೆಗೆ ಉತ್ತರ, ಇಲ್ಲ. ಆ ಚಿತ್ರವನ್ನು ನಿನಗೊಬ್ಬಳಿಗೇ ಕಳಿಸಿದ್ದು.

ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಅಪ್ಪಾಜಿಯವರ ಕಾಗದವನ್ನೇ ಇದರ ಜೊತೆ ಇಟ್ಟಿದ್ದೇನೆ. ಓದು. ಮಿಶಿನ್‌ಗಳು ಬಂದೇ ಬರುತ್ತವೆ. ಮಕ್ಕಳು ಸೋಪಿನ ಡಬ್ಬಿಯನ್ನಷ್ಟೇ ಓಡಿಸಿಕೊಂಡಿದ್ದರೂ ಬರುತ್ತಿದ್ದವು. ಇದನ್ನು ಅವರ ಅಮ್ಮಂದಿರಿಗೆ ಯಾರಾದರೂ ಹೇಳಬೇಕು. ಅಪ್ಪಾಜಿ ಹೇಳುವ ಹಾಗೆ ಕಾಣುವುದಿಲ್ಲ. ಅವರು ಆ ದಿನದವರೆಗೂ ತಳ್ಳುತ್ತಾರೆ, ಒಂದು ಬೆಳಿಗ್ಗೆ ಹೆಂಗಸರು ಕಡ್ಡಿಗೆ ಬಂದಾಗ ಗುಮಾಸ್ತರ ಕೈಯಲ್ಲಿ ಹೇಳಿಸುತ್ತಾರೆ.

ಮಿಶಿನ್ ನಡೆಸುವವರ ಬಗ್ಗೆ ಅವರು ಕೊನೆಗೆ ಬರೆದ ಸಾಲನ್ನು ನೋಡು. ಗಂಡಾಳುಗಳು ಇನ್ನೂ ಬಂದಿಲ್ಲ.

ಉತ್ತರಕ್ಕೆ ನಿನಗೆ ಆತುರ ಬೇಡ.

ಅಕ್ಷತಾ


ಮೈಸೂರು
29 ಫೆಬ್ರವರಿ 2004

ಪ್ರಿಯ ಅಕ್ಷತಾ,

ತಡವಾಯಿತು. ನಿನ್ನ ಕಾಗದವನ್ನು ಮೊದಲು ಅವ್ವನಿಗೆ ಓದಿ ಹೇಳಿದೆ. ನಿನ್ನ ತಂದೆಯವರು ಚಲುವಮ್ಮ ಎಂದು ಅವಳ ಹೆಸರು ಬರೆದ ಸಾಲನ್ನು ಮತ್ತೊಮ್ಮೆ ಓದಿಸಿಕೊಂಡಳು. ಆಮೇಲೆ ಎದ್ದು, "ನಡಿ, ಎಲ್ರನ್ನೂ ಕರೀತೀನಿ," ಎಂದಳು.

ಭವನದಲ್ಲಿ ಎಲ್ಲರ ಮುಂದೆ ಓದಿದೆ. ಯಾರೂ ಅಳಲಿಲ್ಲ, ಕೂಗಾಡಲಿಲ್ಲ. ಒಬ್ಬಳು ಮಸಾಲೆ ಬತ್ತಿ ಅರ್ಧ ಅಂದರೆ ಎಷ್ಟು ಜನಕ್ಕೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಮೇಲೆ ಮಂಜುಳಮ್ಮ ಬಾಯಿ ಬಿಟ್ಟಳು.

"ಗಂಡಾಳು ಎಲ್ಲಿಂದ ತರ್ತಾರಂತೆ?"

"ಮಿಶಿನ್ ಮಾರೋರೇ ಕಳಿಸ್ತಾರಂತೆ."

"ಅವರು ಹುಟ್ಟಿದ್ದೇನು ಮಿಶಿನ್ ಜೊತೆಗಾ? ಅವರೂ ಕಲ್ತೋರೇ ತಾನೆ." ಅಲ್ಲಿ ಮೂಲೆಯಲ್ಲಿ ಬಿಚ್ಚಿಹಾಕಿದ್ದ ಹಲಗೆ, ಮೋಟಾರು ಬಿದ್ದಿದ್ದವು. ಅದನ್ನೇ ನೋಡುತ್ತಾ, "ಲಾಸ್ಯ, ಆ ಪಟ್ಟಿ ಮನೇಲೈತೆ, ತಗೊಂಬಾ. ಇದ್ನ ಮತ್ತೆ ಕಟ್ಟು. ನಾನು ನೋಡ್ಬೇಕು," ಎಂದಳು.

ಲಾಸ್ಯ ಮೊದಲು ನನ್ನ ಮುಖ ನೋಡಿದಳು. ಆಮೇಲೆ ಓಡಿದಳು.

ಅವತ್ತಿನಿಂದ ಭಾನುವಾರದ ಕ್ಲಾಸಿನಲ್ಲಿ ಅಮ್ಮಂದಿರು ಕೂರುತ್ತಾರೆ, ಮಕ್ಕಳು ಪಾಠ ಹೇಳುತ್ತಾರೆ. ಲಾಸ್ಯ ಬಹಳ ಕಟ್ಟುನಿಟ್ಟು. "ಸ್ವಿಚ್ ಆರ್ಸದೆ ಕೈ ಹಾಕ್ಬಾರ್ದು ಅಂತ ಹೋದ ವಾರನೇ ಹೇಳ್ದೆ," ಎಂದು ತಾಯಿಗೇ ಗದರುತ್ತಾಳೆ. ಸಂಜಯನ ತಾಯಿಗೆ ವೈರು ಮುಟ್ಟಲು ಭಯ, ಸೆರಗು ಸುತ್ತಿಕೊಂಡು ಹಿಡಿಯುತ್ತಾಳೆ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ಸೆರಗು ಮಾತ್ರ ಬಿಡುವುದಿಲ್ಲ.

ಮೊನ್ನೆ ಸೋಮವಾರ ನಾನು ರಜೆ ಹಾಕಿ ಮಂಜುಳಮ್ಮನ ಜೊತೆ ದೇವರಾಜ ಮೊಹಲ್ಲಾಕ್ಕೆ ಹೋದೆ. ಇನ್ನೂ ಮೂವರು ಬಂದಿದ್ದರು. ನಿನ್ನ ತಂದೆಯವರು ನಮೂನೆಗೆ ತರಿಸಿದ್ದ ಮಿಶಿನ್ ಒಂದು ಗೋದಾಮಿನಲ್ಲಿತ್ತು. ಕಾಲಲ್ಲಿ ತುಳಿಯುವಂಥದ್ದು.

"ಕೈ ಗೀ ಸಿಕ್ಕೊಂಡ್ರೆ ಯಾರಮ್ಮ ಹೊಣೆ?" ಎಂದರು.

"ಗಂಡಸರ ಕೈ ಸಿಕ್ಕಿದ್ರೆ ಯಾರು ಸ್ವಾಮಿ ಹೊಣೆ?" ಎಂದಳು ಮಂಜುಳಮ್ಮ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೂತು ನೋಡು ಎಂದರು. ಅವಳು ಕೂತಳು, ತುಳಿದಳು, ಮೊದಲ ಕಡ್ಡಿ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದಕ್ಕೆ ಹಿಟ್ಟು ಒಂದೇ ಕಡೆ ಗುಡ್ಡೆಯಾಗಿ ಬಂತು. ಗುಮಾಸ್ತರು ನಕ್ಕರು. ಮಂಜುಳಮ್ಮನ ಮುಖ ಕೆಂಪಾಯಿತು, ಆದರೆ ಏಳಲಿಲ್ಲ. "ಒಂದು ವಾರ ಕೊಡಿ ಸ್ವಾಮಿ. ಬರ್ಲಿಲ್ಲ ಅಂದ್ರೆ ನಿಮ್ ಗಂಡಾಳೇ ಕರೆಸ್ಕೊಳಿ," ಎಂದಳು.

ನಿನ್ನ ತಂದೆಯವರು ಗುಮಾಸ್ತರಿಗೆ ಗೋದಾಮಿನ ಬಾಗಿಲು ಬೆಳಿಗ್ಗೆ ಬೇಗ ತೆಗೆಯಲು ಹೇಳಿದರು. ನಾವು ಹೊರಡುವಾಗ ನನ್ನನ್ನು ಕರೆದು, "ಲೆಕ್ಕ ಹೇಳಿದಳಲ್ಲ, ಆ ಹುಡುಗಿ ಇವಳ ಮಗಳೇನಮ್ಮ?" ಎಂದು ಕೇಳಿದರು. ಹೌದೆಂದೆ. ತಲೆಯಾಡಿಸಿದರು.

ನಿನ್ನನ್ನು ಅಂಥ ಪ್ರಶ್ನೆ ಕೇಳಿದ್ದಕ್ಕೆ ನನಗೆ ಸಂಕಟವಿದೆ. ಕೇಳದೇ ಇದ್ದಿದ್ದರೆ ಇದಾವುದೂ ಗೊತ್ತಾಗುತ್ತಿರಲಿಲ್ಲ ಎನ್ನುವುದೂ ನಿಜ.

ನಿನ್ನ
ಕುಸುಮ


ಪುಣೆ
28 ಮಾರ್ಚ್ 2004

ಪ್ರಿಯ ಕುಸುಮ,

ಕೇಳಿದ್ದು ಸರಿ. ಆ ಮಾತು ಅಲ್ಲಿಗೆ ಬಿಡು.

ಹೋದ ವಾರ ಯುಗಾದಿಗೆ ಮನೆಗೆ ಫೋನ್ ಮಾಡಿದ್ದೆ. ಅಪ್ಪಾಜಿ ಈ ಸಲ ಫೋನನ್ನು ಅಮ್ಮನಿಗೆ ಕೊಡಲೇ ಇಲ್ಲ. ಮಂಜುಳಮ್ಮ ಐದನೆಯ ದಿನಕ್ಕೆ ಮಿಶಿನ್ ಹಿಡಿತಕ್ಕೆ ತಂದಳಂತೆ. ಆರು ಮಿಶಿನ್, ಎರಡು ಪಾಳಿ, ಹನ್ನೆರಡು ಹೆಂಗಸರನ್ನು ಕಾಲೊನಿಯಿಂದಲೇ ತೆಗೆದುಕೊಳ್ಳುತ್ತೇನೆ ಎಂದರು. ಹೊರಗಿನಿಂದ ರಿಪೇರಿಯವನೊಬ್ಬ ಮಾತ್ರ ಬರುತ್ತಾನೆ. "ಅದನ್ನೂ ಅವರೇ ಕಲಿತರೆ ಅವನೂ ಬೇಡ," ಎಂದು ತಾವೇ ಸೇರಿಸಿದರು.

ನನಗೆ ಸಂತೋಷವಾಯಿತು. ಹೆಸರು ಯಾರು ಯಾರದು ಎಂದು ಕೇಳಿದೆ. ಹೇಳಿದರು. ನಿನ್ನ ಅವ್ವನ ಹೆಸರು ಅದರಲ್ಲಿ ಇರಲಿಲ್ಲ. ಮೊಣಕಾಲಿಗೆ ತುಳಿಯಲು ಆಗುವುದಿಲ್ಲ ಎಂದು ನಿನ್ನ ಅವ್ವನೇ ಬೇಡ ಅಂದರಂತೆ. ಮಸಾಲೆ ಬತ್ತಿಗೂ ಕೈ ಸಾಲದು ಎಂದರಂತೆ.

ಮೇ ತಿಂಗಳಲ್ಲಿ ಮೂರು ವಾರ ರಜೆ ಕೇಳಿದ್ದೇನೆ. ಮಕ್ಕಳಿಗೆ ಬೇಸಿಗೆ ರಜೆ ಇರುತ್ತದಲ್ಲ. ಲಾಸ್ಯಳಿಗೆ ಗೋಡೆಯ ಪಾಠ ಬಾಕಿಯಿದೆ. ನಿನಗೆ ಬೇಡ ಅನ್ನಿಸಿದರೆ ಈಗಲೇ ಹೇಳು.

ನಿನ್ನ
ಅಕ್ಷತಾ


ಮೈಸೂರು
2 ಮೇ 2004

ಪ್ರಿಯ ಅಕ್ಷತಾ,

ಬಾ. ರಾಮಕೃಷ್ಣನಗರದಿಂದ ದಿನಾ ಸಿಟಿ ಬಸ್ಸಿನಲ್ಲಿ ಒದ್ದಾಡುವುದು ಬೇಡ, ಕ್ಲಾಸಿನ ಹಿಂದಿನ ದಿನ ನಮ್ಮಲ್ಲೇ ಉಳಿದುಕೋ. ಮನೆ ಚಿಕ್ಕದು. ಅವ್ವ ಈಗಲೇ ಒಂದು ಹೊಸ ಚಾಪೆ ತಂದಿಟ್ಟಿದ್ದಾಳೆ.

ಇಲ್ಲಿ ಎಲ್ಲ ಚೆನ್ನಾಗಿ ಆಯಿತು ಎಂದು ತಿಳಿದು ಬರಬೇಡ, ಅದಕ್ಕೇ ಮೊದಲೇ ಬರೆಯುತ್ತೇನೆ. ಹನ್ನೆರಡು ಜನ ಬೆಳಿಗ್ಗೆ, ಮಧ್ಯಾಹ್ನ ಬಸ್ಸು ಹತ್ತಿ ಹೋಗುತ್ತಾರೆ. ಇನ್ನು ಕೆಲವರಿಗೆ ಮಸಾಲೆ ಬತ್ತಿ ಇದೆ, ವಾರದಲ್ಲಿ ಮೂರು ದಿನ. ಉಳಿದವರಿಗೆ ಏನೂ ಇಲ್ಲ. ಸಂಜಯನ ತಾಯಿ ನಂಜನಗೂಡಿನ ಗಾರ್ಮೆಂಟ್ಸಿಗೆ ಸೇರಿದಳು, ಮನೆಯೂ ಅಲ್ಲಿಗೇ ಹೋಯಿತು. ಹೋಗುವ ದಿನ ಅವನು ಭವನಕ್ಕೆ ಬಂದು ಗೌರಿಯ ಚಕ್ರಕ್ಕೆ ಎಣ್ಣೆ ಬಿಟ್ಟು ಹೋದ. ಒಂದು ಮೋಟಾರು ಕೊಟ್ಟು ಕಳಿಸಿದೆ. ಅಲ್ಲಿ ಅವನಿಗೆ ಯಾರು ಕಲಿಸುತ್ತಾರೋ.

ಮಂಜುಳಮ್ಮ ಮೊದಲ ವಾರ ಸಂಜೆ ಮನೆಗೆ ಬಂದು ಸುಮ್ಮನೆ ಜಗಲಿಯ ಮೇಲೆ ಕೂರುತ್ತಿದ್ದಳು. "ಕೈ ಖಾಲಿ ಬುಟ್ಕೊಂಡು ಕೂತ್ಕೊಳೋದು ಅಭ್ಯಾಸ ಇಲ್ಲ ಕಣೆ," ಎಂದಳು. ಈಗ ಲಾಸ್ಯಳ ಪಕ್ಕ ಕೂತು ವೈರಿನ ತುದಿ ಸುಲಿದು ಕೊಡುತ್ತಾಳೆ.

ನಮ್ಮ ಅವ್ವನ ವಿಷಯ. ಕೆಲಸ ನಿಂತ ಮೇಲೆ ಕೆಲವು ದಿನ ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು, ಆಮೇಲೆ ಆ ಕೈಯಲ್ಲಿ ಮಾಡುವುದೇನೂ ಇರುತ್ತಿರಲಿಲ್ಲ. ಅದನ್ನು ನೋಡಲಾರದೆ ಬೇಗ ಕೆಲಸಕ್ಕೆ ಹೊರಟುಬಿಡುತ್ತಿದ್ದೆ. ಏಪ್ರಿಲ್ ಕೊನೆಯ ಭಾನುವಾರ ಅವಳನ್ನು ಎಳೆದುಕೊಂಡು ಕ್ಲಾಸಿಗೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಮಕ್ಕಳು ಮುಂದೇನು ಮಾಡುವುದೆಂದು ಜಗಳವಾಡುತ್ತಿದ್ದರು. ಲಾಸ್ಯ ಅವಳ ಎದುರು ಹೋಗಿ ಕೂತಳು.

"ಚಲುವಜ್ಜಿ, ನಿಂಗೆ ಏನು ಮಿಶಿನ್ ಬೇಕು, ಹೇಳು. ಯಾರ್ದೂ ಕೆಲಸ ಹೋಗ್ಬಾರ್ದು, ಅಂಥದ್ದು."

ಅವ್ವ ಗೋಡೆ ಬಿಟ್ಟು ಮುಂದೆ ಬಾಗಿದಳು. "ನಲ್ಲಿನಾಗೆ ನೀರು ಬಂದಾಗ ಕೂಗೋ ಅಂಥದ್ದು ಮಾಡ್ತೀಯೇನವ್ವ? ಯಾವಾಗ ಬರುತ್ತೋ ಅಂತ ಕಾದು ಕಾದು ಸಾಕಾಗೈತೆ. ಒಂದಿನ ನೆಮ್ದಿಯಾಗಿ ಮಲಗ್ಬೇಕು."

ನಿನಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಬೀದಿ ನಲ್ಲಿಗೆ ನೀರು ಬರುವುದಕ್ಕೆ ಹೊತ್ತು ಗೊತ್ತಿಲ್ಲ. ಮನೆಗೊಬ್ಬರು ಕಿವಿ ಅಲ್ಲಿಟ್ಟುಕೊಂಡೇ ಮಲಗುವುದು, ಅಡುಗೆ ಮಾಡುವುದು.

ಅದಕ್ಕೆ ಹೆಚ್ಚೇನೂ ಬೇಕಾಗಲಿಲ್ಲ. ನಲ್ಲಿಯ ಕೆಳಗೆ ತಳಕ್ಕೆ ತೂತು ಹಾಕಿದ ಡಬ್ಬಿ, ಡಬ್ಬಿಯಲ್ಲಿ ಎರಡು ತಂತಿ, ನೀರು ತಾಗಿದರೆ ಸರ್ಕ್ಯೂಟು ಕೂಡಿಕೊಳ್ಳುತ್ತದೆ. ಶಾಮಣ್ಣನವರು ಸ್ಕೂಟರಿನ ಹಳೆಯ ಹಾರ್ನು ಕೊಟ್ಟರು. ಈ ವಾರವೆಲ್ಲ ಕೂತು ಮಕ್ಕಳೇ ಜೋಡಿಸಿದರು. ನಿನ್ನೆ ಕಂಬಕ್ಕೆ ಕಟ್ಟಿ, ಚೊಂಬಿನಿಂದ ನೀರು ಸುರಿದು ನೋಡಿದರೆ ಕೂಗಲಿಲ್ಲ. ತಂತಿ ಕಚ್ಚಿಕೊಂಡಿರಲಿಲ್ಲ. ಮಂಜುಳಮ್ಮ ಹುಡುಕಿ ಬಿಗಿ ಮಾಡಿದಳು. ಅಷ್ಟರಲ್ಲಿ ಚೊಂಬಿನ ನೀರು ಮುಗಿದಿತ್ತು, ಎಲ್ಲರೂ ಮನೆಗೆ ಹೋದರು.

ಇವತ್ತು ಕ್ಲಾಸಿನ ಮಧ್ಯೆ, ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ, ಹಾರ್ನು ಕೂಗಿತು. ಮೊದಲು ಯಾವುದೋ ಸ್ಕೂಟರು ಎಂದುಕೊಂಡೆವು. ಲಾಸ್ಯ ಎದ್ದು ನಿಂತು, "ನೀರು," ಎಂದಳು. ಕೈಯಲ್ಲಿದ್ದದ್ದನ್ನೆಲ್ಲ ಅಲ್ಲೇ ಬಿಟ್ಟು ಮಕ್ಕಳು ಓಡಿದರು. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು, ಎಲ್ಲ ಮನೆಯಿಂದಲೂ ಕೊಡ, ಬಿಂದಿಗೆ, ಬಕೆಟ್ಟು. ಸಾಲು ಮಾಡಲು ಶಾಮಣ್ಣನವರು ಕೂಗುತ್ತಿದ್ದರು. ಹಾರ್ನು ನಿಲ್ಲಿಸಲು ಒಂದು ಸ್ವಿಚ್ಚು ಇಡಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದು ಒಂದೇ ಸಮನೆ ಕೂಗುತ್ತಲೇ ಇತ್ತು.

ಅವ್ವನನ್ನು ಕರೆಯೋಣ ಎಂದು ಮನೆಗೆ ಹೋದೆ. ಊಟ ಮಾಡಿ, ಹೊಸ ಚಾಪೆ ಬಿಡಿಸಿಕೊಂಡು ಮಲಗಿದ್ದಳು. ಇಷ್ಟು ಗಲಾಟೆಗೂ ಎಚ್ಚರವಾಗಿರಲಿಲ್ಲ. ಬಲಗೈ ಕೆನ್ನೆಯ ಕೆಳಗಿತ್ತು. ಬಾಗಿಲು ಮುಂದೆ ಮಾಡಿ, ಬಿಂದಿಗೆ ತೆಗೆದುಕೊಂಡು ನಾನೇ ಹೋಗಿ ಸಾಲಿನಲ್ಲಿ ನಿಂತೆ.

ನಿನ್ನ ದಾರಿ ನೋಡುತ್ತಿರುವ
ಕುಸುಮ